ರೆಗಟ್ಟಾ ದಿನಕ್ಕೆ ನಾನು ಬ್ಯಾಗ್ ರೆಡಿ ಮಾಡ್ಕೊಳ್ಳೋದು ಹೀಗೆ

ರೆಗಟ್ಟಾ ಅಂದ್ರೆ ರೋಯಿಂಗ್ ಬೋಟುಗಳ ರೇಸಿನ ಕೂಟ. ನಾನು ಹೊಡೆಯೋದು ಸಿಂಗಲ್ ಸ್ಕಲ್, ಅಂದ್ರೆ ಒಬ್ಬರೇ ಕೂತು ಎರಡು ಕೈಲೂ ಒಂದೊಂದು ಹುಟ್ಟು ಹಾಕೋ ಬೋಟು. 2000 ಮೀಟರ್ ರೇಸು ನನ್ನಂಥೋರಿಗೆ ಎಂಟು ನಿಮಿಷದ ಆಸುಪಾಸು ಅಷ್ಟೇ, ಆದ್ರೆ ಅದಕ್ಕೋಸ್ಕರ ಕತ್ತಲಲ್ಲೇ ಎದ್ದು ಸಂಜೆವರೆಗೂ ದಡದಲ್ಲಿ ಬಿದ್ದಿರ್ಬೇಕು. ಮೊದ್ಲು ಹೀಟ್ ಅನ್ನೋ ಮೊದಲ ಸುತ್ತು, ಅಲ್ಲಿ ನೇರವಾಗಿ ಕ್ವಾಲಿಫೈ ಆಗ್ಲಿಲ್ಲ ಅಂದ್ರೆ ರೆಪಶಾಜ್ ಅನ್ನೋ ಇನ್ನೊಂದು ಚಾನ್ಸು, ಆಮೇಲೆ ದೇವ್ರು ದೊಡ್ಡೋನು ಅಂದ್ರೆ ಫೈನಲ್. ಹೊಸಬರ ಬ್ಯಾಗಲ್ಲಿ ಯೂನಿಸೂಟು (ಮೈಗಂಟೋ ಒಂದೇ ಪೀಸಿನ ರೇಸ್ ಡ್ರೆಸ್ಸು), ನೀರಿನ ಬಾಟ್ಲು, ಫೋನು ಬಿಟ್ರೆ ಬೇರೇನೂ ಇರಲ್ಲ, ಮಧ್ಯಾಹ್ನದ ಹೊತ್ತಿಗೆ ಸ್ಪ್ಯಾನರ್ ಇದ್ಯಾ ಟೇಪ್ ಇದ್ಯಾ ಅಂತ ಪಾಪ ಎಲ್ಲರ ಹತ್ರ ಕೇಳ್ಕೊಂಡು ಓಡಾಡ್ತಿರ್ತಾರೆ. ನನ್ನ ಪ್ಯಾಕಿಂಗ್ ಎಲ್ಲಾ ಆ ಕಾಯೋ ಟೈಮಿಗೇ.

ಕೆಲಸ ಶುರು ಆಗೋದು ಹಿಂದಿನ ದಿನ ಬೋಟನ್ನ ಟ್ರೈಲರ್‌ಗೆ ಹಾಕೋವಾಗ. ರಿಗರ್ (ಹುಟ್ಟನ್ನ ಹಿಡ್ಕೊಳ್ಳೋಕೆ ಬೋಟಿನ ಪಕ್ಕಕ್ಕೆ ಚಾಚಿರೋ ಫ್ರೇಮು) ಬಿಚ್ಚೋಕೆ ಮುಂಚೆ ಫುಟ್‌ಸ್ಟ್ರೆಚರ್, ಅಂದ್ರೆ ಕಾಲು ಊರೋ ಹಲಗೆ, ಎಲ್ಲಿ ಕೂತಿದ್ಯೋ ಅಲ್ಲಿಗೆ ಎಲೆಕ್ಟ್ರಿಕಲ್ ಟೇಪಲ್ಲಿ ಒಂದು ಗುರುತು ಹಾಕ್ತೀನಿ, ರಿಗರ್ ತುದಿಯ ಪಿನ್ನಲ್ಲಿ ಗೇಟಿನ (ಹುಟ್ಟು ಕೂರೋ ಕೊಂಡಿ) ಕೆಳಗೆ ಎಷ್ಟು ವಾಷರ್ ಇದೆ ಅಂತ ಎಡಕ್ಕೆ ಬಲಕ್ಕೆ ಬೇರೆ ಬೇರೆ ಎಣಿಸಿ ಫೋಟೋನೂ ತಗೋತೀನಿ. ಯಾಕಂದ್ರೆ ಎರಡೂ ಕಡೆ ಒಂದೇ ಹೈಟ್ ಇರಲ್ಲ, ಸ್ಕಲ್ಲಿಂಗಲ್ಲಿ ಮಧ್ಯ ಬರೋವಾಗ ಒಂದು ಕೈ ಇನ್ನೊಂದರ ಮೇಲೆ ಹೋಗ್ಬೇಕು, ಅದಕ್ಕೆ ಒಂದು ಗೇಟ್ ಹತ್ತಿರತ್ತಿರ ಒಂದು ಸೆಂಟಿಮೀಟರ್ ಮೇಲಿಟ್ಟಿರ್ತೀವಿ, ಅದು ಅದಲುಬದಲಾದ್ರೆ ಬೋಟ್ ಒಂದು ಕಡೆಗೆ ವಾಲ್ಕೊಂಡೇ ಹೋಗುತ್ತೆ, ಬೆರಳಿನ ಗೆಣ್ಣುಗಳೆಲ್ಲಾ ಕಿತ್ತೋಗುತ್ತೆ. ಸೀಟ್ ತೆಗೆದು ಟವಲಲ್ಲಿ ಸುತ್ತಿ ನನ್ನ ಬ್ಯಾಗಿಗೇ ಹಾಕ್ಕೋತೀನಿ. ಬಿಚ್ಚಿದ ನಟ್ಟುಗಳನ್ನ ಅದರದರ ಬೋಲ್ಟಿಗೇ ವಾಪಸ್ ತಿರುಗಿಸಿಬಿಡ್ತೀನಿ. 10 ಎಂಎಂ ಸ್ಪ್ಯಾನರ್ ಎರಡು, 13 ಎಂಎಂ ಒಂದು, ನಾಲ್ಕೈದು ಎಕ್ಸ್ಟ್ರಾ ನಟ್ಟು ವಾಷರ್, ಇಷ್ಟು ಒಂದು ಸಣ್ಣ ಡಬ್ಬಿಲಿ.

ಅದೇ ಡಬ್ಬಿಲಿ ಒಂದು ಹಳೇ ಶೂ ಲೇಸೂ ಇರುತ್ತೆ. ಬೋಟಲ್ಲಿ ಶೂ ಫಿಕ್ಸ್ ಆಗಿರುತ್ತಲ್ಲ, ಅದರ ಹಿಮ್ಮಡಿನ ಕೆಳಗಡೆ ಕಟ್ಟಿರೋ ದಾರ ಸರಿಯಾಗಿದ್ರೆ ಮಾತ್ರ ಬೋಟ್ ಮಗುಚಿದಾಗ ಕಾಲು ಸಲೀಸಾಗಿ ಈಚೆ ಬರುತ್ತೆ, ದಾರ ಸಡಿಲ ಇದ್ರೆ ಹಿಮ್ಮಡಿ ಶೂ ಸಮೇತ ಮೇಲೆದ್ದು ಕಾಲು ಒಳಗೇ ಸಿಕ್ಕಾಕೊಳ್ಳುತ್ತೆ. ಚೆಕಿಂಗ್‌ನೋರು ಇದನ್ನ ಎಳೆದು ನೋಡೇ ನೋಡ್ತಾರೆ, ಜೊತೆಗೆ ಮುಂದಿನ ತುದಿಲಿರೋ ಬಿಳಿ ಬೋ ಬಾಲ್ (ಡಿಕ್ಕಿ ಆದ್ರೆ ಏಟಾಗದಿರ್ಲಿ ಅಂತ ಇರೋ ಉಂಡೆ) ಅಲ್ಲಾಡುತ್ತಾ ಅಂತಾನೂ. ಇವೆರಡನ್ನ ಮನೆಲೇ ನೋಡ್ಕೊಂಡ್ಬಿಟ್ರೆ ಬೆಳಗ್ಗೆ ಟೆನ್ಶನ್ ಕಮ್ಮಿ.

ಬಟ್ಟೆ ವಿಷಯಕ್ಕೆ ಬಂದ್ರೆ ಯೂನಿಸೂಟ್ ಎರಡು ಬೇಕೇ ಬೇಕು. ಹೀಟಲ್ಲಿ ಒದ್ದೆ ಆಗಿದ್ದನ್ನೇ ಹಾಕ್ಕೊಂಡು ಮೂರು ಗಂಟೆ ಗಾಳಿಲಿ ಕೂತ್ರೆ ಮೈಯೆಲ್ಲಾ ಸೆಟೆದುಕೊಳ್ಳುತ್ತೆ. ಒಣ ಸಾಕ್ಸು ಎರಡು ಜೊತೆ, ಟೋಪಿ, ಒಂದು ಜಾಕೆಟ್ಟು, ಪಾಂಟೂನಲ್ಲಿ (ಬೋಟ್ ಹತ್ತೋ ತೇಲೋ ಕಟ್ಟೆ) ಬಿಟ್ಟು ಹೋಗೋಕೆ ಹಳೇ ಚಪ್ಪಲಿ. ಸನ್‌ಸ್ಕ್ರೀನನ್ನ ನಾನು ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಹಚ್ಕೋತೀನಿ, ನೋಡೋಕೆ ತಮಾಷೆಯಾಗಿರುತ್ತೆ, ಆದ್ರೆ ಅಂಗೈಗೆ ಸ್ವಲ್ಪ ತಾಗಿದ್ರೂ ಹ್ಯಾಂಡಲ್ ಜಾರೋಕೆ ಶುರು, ಆಮೇಲೆ ಬಿಗಿಯಾಗಿ ಹಿಡ್ಕೊಂಡು ಹಿಡ್ಕೊಂಡು ಮುಂಗೈ ನೋವು ಬಂದು ರೇಟ್ (ನಿಮಿಷಕ್ಕೆ ಎಷ್ಟು ಸಲ ಹುಟ್ಟು ಹಾಕ್ತೀವಿ ಅನ್ನೋದು) ಬಿದ್ದೋಗುತ್ತೆ. ಬೊಬ್ಬೆಗೆ ಟೇಪೂ ಇಟ್ಕೊಂಡಿರ್ತೀನಿ, ಆದ್ರೆ ರೇಸಿಗೆ ಮುಂಚೆ ಬರೀ ಕೈನೇ ನನಗೆ ಇಷ್ಟ.

ಊಟ ತಿಂಡಿ ಬಗ್ಗೆ ಹೇಳೋದೇನಿಲ್ಲ, ಪ್ರಾಕ್ಟೀಸ್ ದಿನ ಏನ್ ತಿಂತೀನೋ ಅದೇ, ಹೊಸದೇನೂ ಇಲ್ಲ. ಹೀಟ್ ಮುಗಿದ ಅರ್ಧ ಗಂಟೆ ಒಳಗೆ ಬಾಳೆಹಣ್ಣೋ ಬ್ರೆಡ್ಡೋ ಬಾಯಿಗೆ ಹಾಕ್ಕೊಂಡ್ಬಿಡ್ತೀನಿ, ಹಸಿವಾಗ್ಲಿ ಅಂತ ಕಾಯಲ್ಲ. ಲೈಟ್‌ವೇಟ್‌ನೋರದ್ದು ಬೇರೆ ಗೋಳು, ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರೋಯಿಂಗ್ ರೂಲ್ ಪ್ರಕಾರ ಆ ದಿನದ ಮೊದಲ ರೇಸಿಗೆ ಎರಡು ಗಂಟೆಯಿಂದ ಒಂದು ಗಂಟೆ ಮುಂಚೆ ತೂಕ ನೋಡಿಸ್ಬೇಕು, ಸಿಂಗಲ್ಲಲ್ಲಿ ಗಂಡಸರಿಗೆ 72.5 ಕೆಜಿ, ಹೆಂಗಸರಿಗೆ 59 ಕೆಜಿ ಲಿಮಿಟ್, ಅದಾದ್ಮೇಲೆ ಸಿಗೋ ಅಷ್ಟು ಹೊತ್ತಲ್ಲೇ ತಿಂದು ಕುಡಿದು ಅರಗಿಸ್ಕೋಬೇಕು. ನಾನು ಆ ಕ್ಯಾಟಗರಿ ಅಲ್ಲ, ಪುಣ್ಯ.

ಟೈಮನ್ನ ಮಾತ್ರ ರೇಸಿಂದ ಹಿಂದಕ್ಕೆ ಲೆಕ್ಕ ಹಾಕ್ತೀನಿ. ಎರಡು ನಿಮಿಷ ಮುಂಚೆ ಸ್ಟಾರ್ಟಲ್ಲಿ ಪೊಸಿಷನ್ ತಗೊಂಡಿರ್ಬೇಕು, ಅದಕ್ಕೆ ನೀರಿಗಿಳಿಯೋದು ನಲವತ್ತು ನಿಮಿಷ ಮುಂಚೆ, ಅದಕ್ಕೂ ಮುಂಚೆ ಇಪ್ಪತ್ತು ನಿಮಿಷ ದಡದಲ್ಲಿ ಜಾಗಿಂಗು ಸ್ಟ್ರೆಚಿಂಗು. ಈ ಟೈಮ್‌ಗಳನ್ನ, ಲೇನ್ ನಂಬರನ್ನ ಬಿಳಿ ಟೇಪ್ ಮೇಲೆ ಬರೆದು ಬೋಟಿನ ಒಳಗೆ ಪಾದದ ಹತ್ರ ಅಂಟಿಸಿರ್ತೀನಿ, ಪೇಪರ್ ಆದ್ರೆ ನೀರು ಬಿದ್ದು ಮುದ್ದೆ ಆಗುತ್ತೆ. ಬೋ ನಂಬರ್ ಪ್ಲೇಟನ್ನ ಇಳಿಯೋಕೆ ಮುಂಚೆನೇ ಸಿಕ್ಕಿಸ್ತೀನಿ, ಹೊರಡೋ ಮುನ್ನ ಗೇಟ್ ಎರಡೂ ಟೈಟಾಗಿದ್ಯಾ ಅಂತ ಕೈಯಲ್ಲಿ ಮುಟ್ಟಿ ನೋಡ್ತೀನಿ.

ಫೈನಲ್ ಮುಗಿದ್ಮೇಲೆ ವಾಪಸ್ ಬಿಚ್ಚೋವಾಗ ಎಲ್ಲರಿಗೂ ಸುಸ್ತು, ಕೈ ನಡುಗ್ತಿರುತ್ತೆ, ನಟ್ಟು ಬೀಳೋದು ಆವಾಗ್ಲೇ. ಅದಕ್ಕೆ ರಿಗರ್ ಕೆಳಗೆ ಆ ಸೀಟ್ ಸುತ್ತಿದ್ದ ಟವಲನ್ನ ಹಾಸಿಬಿಡ್ತೀನಿ, ಹುಲ್ಲಲ್ಲಿ ವಾಷರ್ ಹುಡುಕೋಕೆ ಆ ಹೊತ್ತಲ್ಲಿ ಯಾರಿಗೂ ತಾಳ್ಮೆ ಇರಲ್ಲ.