ನಿಮ್ಮ ಓಪನ್ ಸೋರ್ಸ್ ಕೋಡ್ ಎಲ್ಲಿಡುತ್ತೀರಿ?

ದಿನದ ಮಳೆ, ಬೋರ್ಡೋ ಔಷಧಿ ಹೊಡೆದ ತಾರೀಕು ಬರೆದಿಡಲು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಒಂದು ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಶಿವಮೊಗ್ಗದ ಕಾಲೇಜು ಹುಡುಗರು, ಹೊಸನಗರದ ಒಬ್ಬರು ಮೇಷ್ಟ್ರು ಕೈಜೋಡಿಸಿದ್ದಾರೆ. ಕೋಡ್ ಎಲ್ಲರಿಗೂ ಸಿಗಬೇಕು, ಯಾರು ಬೇಕಾದರೂ ಬಳಸಿ ತಿದ್ದುವಂತಿರಬೇಕು. ಓಪನ್ ಸೋರ್ಸ್ ಅಂದರೆ ಅದೇ.

ಮೊದಲು ಕೋಡ್ ಇಡುವ ಯಾವ ತಾಣದಲ್ಲಿ ಇವರ ಖಾತೆ ಇದೆ ಅಂತ ಕೇಳಿ. ಹೆಚ್ಚಿನವರದು ಗಿಟ್‌ಹಬ್‌ನಲ್ಲೇ ಇರುತ್ತದೆ. ಒಂದು ಅಕ್ಷರ ತಿದ್ದಲು ಹೊಸ ಖಾತೆ ತೆರೆಯಬೇಕು ಅಂದರೆ ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ, ಅಲ್ವಾ? ಆದರೆ ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದು, ಅದನ್ನು ನಡೆಸುವ ಸಾಫ್ಟ್‌ವೇರ್ ಓಪನ್ ಸೋರ್ಸ್ ಅಲ್ಲ. ಅದು ಬೇಡ ಅನ್ನಿಸಿದರೆ ಕೋಡ್‌ಬರ್ಗ್ ನೋಡಿ. ಬರ್ಲಿನ್‌ನ ಒಂದು ಸಂಘ ಲಾಭಕ್ಕಲ್ಲದೆ ನಡೆಸುತ್ತಿದೆ, ಅದನ್ನು ನಡೆಸುವ ಫೋರ್ಜೆಯೊ ಸಾಫ್ಟ್‌ವೇರ್ ಕೂಡ ಓಪನ್ ಸೋರ್ಸ್. ಇಂಥದ್ದೇ ಇನ್ನೊಂದಾದ ಗಿಟ್‌ಲ್ಯಾಬ್‌ನ ಕಮ್ಯುನಿಟಿ ಆವೃತ್ತಿಯನ್ನು ಸ್ವಂತ ಸರ್ವರ್‌ಗೆ ಹಾಕಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋಗುವ ಊರಲ್ಲಿ ಮನೆಯ ಕಂಪ್ಯೂಟರ್ ನಂಬಿ ಇದಕ್ಕೆ ಇಳಿಯಬೇಡಿ.

ಆಮೇಲೆ ನೆಟ್‌ವರ್ಕ್. ಈ ತಾಣಗಳ ಹಿಂದಿರುವ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಲು, ಅಂದರೆ ಬದಲಾವಣೆ ದಾಖಲಿಸಲು, ಇಂಟರ್ನೆಟ್ ಬೇಕಿಲ್ಲ, ಸಿಗ್ನಲ್ ಸಿಕ್ಕಾಗ ಪುಶ್ ಮಾಡಿ ತಾಣಕ್ಕೆ ಕಳಿಸಿದರಾಯಿತು. ತೊಂದರೆ ಇರುವುದು ನೆಟ್ ಇದ್ದರಷ್ಟೇ ತೆರೆಯುವ ಚರ್ಚೆಯ ಪುಟಗಳಲ್ಲಿ. ಹಾಗಾಗಿ ಮೇಷ್ಟ್ರ ಮನೆಯಲ್ಲೇ, ಅವರ ಫೋನಿನಲ್ಲೇ ಆ ಪುಟ ತೆರೆದು ನೋಡಿ. ಸೋರ್ಸ್‌ಹಟ್ ಎಂಬ ತಾಣದ ಪುಟಗಳು ತುಂಬಾ ಹಗುರ, ಬದಲಾವಣೆಯನ್ನು ಇಮೇಲ್‌ನಲ್ಲೇ ಕಳಿಸಬಹುದು, ಆದರೆ ಹೊಸಬರಿಗೆ ಆ ಕ್ರಮ ಕಷ್ಟ.

ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು ಆ ತಾಣ ಬಿಟ್ಟು ಹೊರಬರುವ ದಾರಿ. ಒಂದು ಕಾಲದಲ್ಲಿ ಸಾವಿರಾರು ಪ್ರಾಜೆಕ್ಟ್‌ಗಳಿಗೆ ಮನೆಯಾಗಿದ್ದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ತಾಣ ಮುಚ್ಚಿದರೂ ಕೋಡ್ ಹೋಗುವುದಿಲ್ಲ, ಪೂರ್ತಿ ಕ್ಲೋನ್ (ನಕಲು) ಮಾಡಿಕೊಂಡ ಪ್ರತಿಯೊಬ್ಬರ ಬಳಿಯೂ ಇಡೀ ಇತಿಹಾಸ ಇರುತ್ತದೆ. ಆದರೆ ಇಶ್ಯೂ (ದೂರು, ಬೇಡಿಕೆ), ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಇವುಗಳ ಮಾತುಕತೆ ಆ ಕ್ಲೋನ್‌ನಲ್ಲಿ ಬರುವುದಿಲ್ಲ. ಯಾವ ರೈತರು ಏನು ಕೇಳಿದರು, ಒಂದು ಬದಲಾವಣೆ ಯಾಕೆ ಬೇಡವೆಂದಿರಿ, ಎಲ್ಲಾ ಅಲ್ಲೇ ಇರುತ್ತದಲ್ಲ! ಅವನ್ನು ಇಳಿಸಿಕೊಳ್ಳಲು ಆಗುತ್ತದಾ ಅಂತ ಮೊದಲೇ ಪರೀಕ್ಷಿಸಿ, ಮುಖ್ಯ ತೀರ್ಮಾನಗಳನ್ನು ಕೋಡ್ ಜೊತೆಗೇ ಒಂದು ಫೈಲಿನಲ್ಲಿ ಬರೆದಿಡಿ.

ನನ್ನನ್ನು ಕೇಳಿದರೆ ಇಂಥ ಆ್ಯಪ್‌ಗೆ ಕೋಡ್‌ಬರ್ಗ್ ಮುಖ್ಯ ಮನೆ, ಹುಡುಕುವವರ ಕಣ್ಣಿಗೆ ಬೀಳಲಿ ಅಂತ ಗಿಟ್‌ಹಬ್‌ನಲ್ಲಿ ಒಂದು ಪ್ರತಿ. ಎಲ್ಲೇ ಇಟ್ಟರೂ ಬಳಸಲು, ತಿದ್ದಲು ಅನುಮತಿ ಕೊಡುವ ಲೈಸೆನ್ಸ್ ಫೈಲ್ ಹಾಕಿ, ಸುಮ್ನೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಪುಶ್ ಮಾಡುವ ಮುಂಚೆ ಪರೀಕ್ಷೆಗೆ ಬಳಸಿದ ಡೇಟಾದಲ್ಲಿ ರೈತರ ಫೋನ್ ನಂಬರ್, ಸರ್ವೆ ನಂಬರ್ ಇದ್ದರೆ ತೆಗೆಯಿರಿ. ಒಮ್ಮೆ ಕಮಿಟ್ ಆದದ್ದು ಫೈಲ್ ಅಳಿಸಿದರೂ ಇತಿಹಾಸದಲ್ಲಿ ಉಳಿದೇ ಇರುತ್ತದೆ.