ಕಟ್‌ಲೈನ್ ಮೇಲೆ ಸಸಿ ಎಣಿಸಿದ್ದು

ಹೆಲಿಕಾಪ್ಟರ್‌ನಿಂದ ನೋಡಿದಾಗ ಆ ಗೆರೆ ಹಸಿರಾಗಿತ್ತು. ಎರಡೂ ಬದಿಗೆ ಸುಟ್ಟು ಕರಕಲಾದ ಮರಗಳು, ನಡುವೆ ನೆಟ್ಟಗೆ ಓಡುವ ಹಸಿರು ಪಟ್ಟಿ. 'ಇಲ್ಲಿ ಕಾಡು ಮರಳುತ್ತಿದೆ' ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಇಳಿದು ನೋಡಿದರೆ ಮೊಣಕಾಲುದ್ದ ಜೊಂಡುಹುಲ್ಲು, ಬೂಟಿನೊಳಗೆ ನೀರು, ಮರದ ಸಸಿ ಹುಡುಕಿದರೂ ಇಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಮೇಲಿನಿಂದ ನೋಡುವವರಿಗೂ ಸಲ್ಲುತ್ತದೆ.

ನಾನಿದ್ದದ್ದು ಕೆನಡಾದ ಆಲ್ಬರ್ಟಾದಲ್ಲಿ, ಫೋರ್ಟ್ ಮ್ಯಾಕ್‌ಮರ್ರಿ ಸುತ್ತಲಿನ ಕಾಡಿನಲ್ಲಿ. 2016ರ ಮೇ 1ರಂದು ಕಾಣಿಸಿಕೊಂಡ ಬೆಂಕಿ ಅಲ್ಲಿ ಸುಮಾರು 5.9 ಲಕ್ಷ ಹೆಕ್ಟೇರ್ ಸುಟ್ಟಿತು. 80,000ಕ್ಕೂ ಹೆಚ್ಚು ಜನ ಊರು ಬಿಟ್ಟರು. ಸುಟ್ಟ ಕಾಡಿನ ತುಂಬ ತೈಲ, ಅನಿಲ ಹುಡುಕಲು ಹಿಂದೆ ಕಡಿದ ಗೆರೆಗಳು. ಅಲ್ಲಿಯವರ ಬಾಯಲ್ಲಿ ಅವು ಕಟ್‌ಲೈನ್. ಹಳೆಯವನ್ನು ಬುಲ್ಡೋಜರ್ ಹಾಯಿಸಿ ಮಾಡಿದ್ದು, 5ರಿಂದ 10 ಮೀಟರ್ ಅಗಲ. ನೆಲದೊಳಗೆ ಸಿಡಿಮದ್ದು ಸಿಡಿಸಿ, ಕಂಪನ ಅಳೆದು, ತಳದ ಕಲ್ಲುಪದರಗಳ ಚಿತ್ರ ತೆಗೆಯುವುದು ಉದ್ದೇಶ. ಆ ಕೆಲಸ ಮುಗಿದು ದಶಕಗಳಾದರೂ ಎಷ್ಟೋ ಗೆರೆಗಳಲ್ಲಿ ಮರ ಬಂದಿಲ್ಲ. ಗೆರೆ ತೆರೆದಿದ್ದರೆ ಬೇಟೆಗೆ ಹೊರಟ ತೋಳಕ್ಕೆ ಹೆದ್ದಾರಿ, ಅದರ ಬಾಯಿಗೆ ಸಿಗುವ ಕ್ಯಾರಿಬೂ ಎಂಬ ಜಿಂಕೆಗೆ ಆಪತ್ತು. ಬೆಂಕಿಯ ನಂತರವಾದರೂ ಅಲ್ಲಿ ಮರ ಏಳುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ವಿಧಾನದಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಗೆರೆಯುದ್ದಕ್ಕೆ 30 ಮೀಟರ್ ಟೇಪ್ ಎಳೆದು, ಟೇಪಿನ ಎರಡೂ ಬದಿಗೆ ಒಂದೊಂದು ಮೀಟರ್‌ನೊಳಗಿನ ಪ್ರತಿ ಸಸಿಯ ಜಾತಿ, ಎತ್ತರ ಬರೆಯುವುದು. ಮೊದಲ ವರ್ಷ ಬರೀ ಗೆರೆಯ ಮೇಲೆ ಎಣಿಸಿ ಬಂದೆ. ಪಕ್ಕದ ಸುಟ್ಟ ಕಾಡಿನಲ್ಲಿ ಎಷ್ಟು ಹುಟ್ಟಿದೆ ಎಂಬ ಲೆಕ್ಕ ಇಲ್ಲದೆ ಆ ಅಂಕಿಗಳನ್ನು ಯಾವುದಕ್ಕೆ ಹೋಲಿಸುವುದು? ಒಂದು ಬೇಸಿಗೆ ನೀರಿಗೆ ಬಿತ್ತು. ಮರುವರ್ಷ ಪ್ರತಿ ಟೇಪಿಗೂ ಜೋಡಿಯಾಗಿ ಕಾಡಿನೊಳಗೆ ಇನ್ನೊಂದು ಟೇಪ್ ಎಳೆದೆ.

ಮರಳು ದಿಬ್ಬಗಳ ಮೇಲೆ ಕತೆಯೇ ಬೇರೆ. ಅಲ್ಲಿರುವುದು ಜ್ಯಾಕ್ ಪೈನ್ ಎಂಬ ಸೂಜಿ ಎಲೆಯ ಮರ. ಅದರ ಕಾಯಿ ರಾಳದಿಂದ ಬೆಸೆದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತದೆ. ಬೆಂಕಿಯ ಶಾಖಕ್ಕೆ ರಾಳ ಕರಗಿ, ಹೊದಿಕೆ ಬಿರಿದು ಬೀಜ ಉದುರುತ್ತದೆ. ಗೆರೆ ಅಷ್ಟೇನೂ ಅಗಲವಿಲ್ಲ, ಅಂಚಿನ ಮರಗಳ ಬೀಜ ಗಾಳಿಗೆ ಸಲೀಸಾಗಿ ನಡುವಿನವರೆಗೂ ಬರುತ್ತದೆ. ಮೇಲಿನ ದರಗು ಉರಿದು ಮರಳು ಬಯಲಾಗಿದೆ, ಬಿಸಿಲು ಧಾರಾಳ. ಕೆಲವೆಡೆ ಟೇಪ್ ಹಿಡಿದು ನಿಂತರೆ ಗೆರೆ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ಸಸಿ ನೋಡಿ ಗೊತ್ತಾಗುತ್ತಿರಲಿಲ್ಲ. ನಿಂತ ಕರಿ ಮರಗಳನ್ನು ನೋಡಿ ತಿಳಿಯಬೇಕಿತ್ತು. ಎಣಿಸಿ ಎಣಿಸಿ ಸೊಂಟ ಬಿದ್ದುಹೋಯಿತು. ಸೊಳ್ಳೆಗಳ ವಿಷಯ ಬೇಡ.

ಅಲ್ಲೊಂದು ಪೇಚಾಟವೂ ಆಯಿತು. ಕಾಂಡದ ಸುತ್ತ ಕೊಂಬೆಗಳು ಒಡೆದ ಸುತ್ತುಗಳನ್ನು ಎಣಿಸಿ, ಸುತ್ತಿಗೊಂದು ವರ್ಷದಂತೆ ಸಸಿಗಳ ವಯಸ್ಸು ಹಾಕಿದ್ದೆ. ಸಂಜೆ ಕೂಡಿಸಿ ನೋಡಿದರೆ ಎಷ್ಟೋ ಸಸಿಗಳು ಬೆಂಕಿಗಿಂತ ಮೊದಲೇ ಹುಟ್ಟಿದ್ದವು! ಜ್ಯಾಕ್ ಪೈನ್ ಒಂದೇ ವರ್ಷದಲ್ಲಿ ಎರಡು ಮೂರು ಸುತ್ತು ಬಿಡಬಲ್ಲದು. ಆಮೇಲೆ ಕೆಲವನ್ನು ಬುಡದಲ್ಲಿ ಕುಯ್ದು, ಭೂತಗನ್ನಡಿಯಲ್ಲಿ ಉಂಗುರ ಎಣಿಸಿದೆ. ಆಸ್ಪೆನ್ ಮರದ್ದು ಇನ್ನೊಂದು ತರಲೆ: ಹಳೆ ಬೇರಿನಿಂದ ಚಿಗುರಿದ್ದನ್ನೂ ಬೀಜದ ಸಸಿ ಎಂದುಕೊಳ್ಳುವುದು ಸುಲಭ. ಬುಡ ಕೆದಕಿ ನೋಡಿದರೆ ಅಡ್ಡ ಬೇರು ಸಿಗುತ್ತದೆ.

ಇನ್ನು ಆ ಹಸಿರು ಪಟ್ಟಿ. ಅದಿದ್ದದ್ದು ಮಸ್ಕೆಗ್‌ನಲ್ಲಿ, ಅಂದರೆ ಪಾಚಿ ಪದರಪದರವಾಗಿ ಕೂಡಿ ಪೀಟ್ ಆದ ಜವುಗಿನಲ್ಲಿ. ಜವುಗು ಸಮತಟ್ಟಲ್ಲ, ಪಾಚಿಯ ಗುಬ್ಬೆ ಅಂದರೆ ಸಣ್ಣ ದಿಬ್ಬ, ಪಕ್ಕದಲ್ಲಿ ತಗ್ಗು, ಮತ್ತೆ ಗುಬ್ಬೆ. ಇಲ್ಲಿನ ಮರವಾದ ಬ್ಲ್ಯಾಕ್ ಸ್ಪ್ರೂಸ್ ಬೇರೂರುವುದು ಗುಬ್ಬೆಯ ಮೇಲೆ. ಬುಲ್ಡೋಜರ್ ಆ ಗುಬ್ಬೆಗಳನ್ನೆಲ್ಲ ಒತ್ತಿ ಚಪ್ಪಟೆ ಮಾಡಿದೆ, ನೀರು ಮೇಲ್ಮೈಗೇ ಬಂದು ನಿಂತಿದೆ. ಗೆರೆ ಒದ್ದೆಯಾಗಿದ್ದರಿಂದ ಬೆಂಕಿ ಅಂಚಿನ ಮರ ಸುಟ್ಟು, ಗೆರೆಯನ್ನು ಬರೀ ಸವರಿಕೊಂಡು ಹೋಗಿದೆ. ಬೀಜ ಇಲ್ಲಿಗೂ ಬಿದ್ದಿತ್ತು. ಬಿದ್ದಲ್ಲೇ ಮುಳುಗಿತು. ಅಂದಿನಿಂದ ಸಸಿ ಎಣಿಸುವ ಮೊದಲು ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ನೋಡುವುದು ನನ್ನ ಅಭ್ಯಾಸ.

ಇಂಥ ಕಡೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಎಕ್ಸ್‌ಕವೇಟರ್ ತಂದು, ಪೀಟ್ ಅಗೆದು, ಪಕ್ಕದಲ್ಲೇ ದಿಣ್ಣೆ ಮಾಡಿ ಸಸಿ ನೆಡುತ್ತಾರೆ. ದುಬಾರಿ ಕೆಲಸ, ನೆಟ್ಟದ್ದರ ಮೇಲೆ ಮತ್ತೊಂದು ಬೆಂಕಿ ಹಾಯ್ದರೆ ಎಲ್ಲವೂ ಹೋಯಿತು. ಮರಳು ದಿಬ್ಬದ ಗೆರೆಗಳಿಗೆ ಈ ಖರ್ಚು ಹಾಕುವುದು ನನ್ನ ಪ್ರಕಾರ ದಂಡ. ಅಲ್ಲಿ ನಾಲ್ಕು ಚಕ್ರದ ಬೈಕುಗಳು ಸಸಿ ತುಳಿಯದಂತೆ ಸುಟ್ಟ ಮರಗಳನ್ನು ಅಡ್ಡ ಕೆಡವಿದರೂ ಸಾಕು.

ಆ ಜವುಗಿನ ಗೆರೆಗೆ ಕೊನೆಯ ಸಲ ಹೋದಾಗ ಅಂಚಿನ ಒಂದು ಸುಟ್ಟ ಸ್ಪ್ರೂಸ್ ಬುಡಸಮೇತ ಮಗುಚಿ ಬಿದ್ದಿತ್ತು. ಬೇರು ಎತ್ತಿ ತಂದ ಪೀಟ್ ಗುಡ್ಡೆ ನೀರಿನಿಂದ ಒಂದು ಮೊಳ ಮೇಲಿತ್ತು. ಅದರ ನೆತ್ತಿಯ ಮೇಲೆ ಬೆರಳುದ್ದದ ಮೂರು ಸ್ಪ್ರೂಸ್ ಸಸಿಗಳು. ಟೇಪಿನ ಮಿತಿಯಿಂದ ಆಚೆಗಿದ್ದವು, ಹಾಗಾಗಿ ಲೆಕ್ಕಕ್ಕೆ ಸೇರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.