ಮ್ಯಾಜಿಕಲ್ ಗರ್ಲ್ ಅನಿಮೆಯಿಂದ ನಿಮ್ಮ ಜೆಂಡರ್‌ಗೊಂದು ಪದ ಕಟ್ಟಿಕೊಳ್ಳುವುದು ಹೇಗೆ

ಝೀನೋಜೆಂಡರ್ ಅನ್ನುವ ಪದ 2014ರಲ್ಲಿ ಬ್ಲಾಗ್ ತಾಣವಾದ ಟಂಬ್ಲರ್‌ನಲ್ಲಿ ಹುಟ್ಟಿತು. ಗಂಡು, ಹೆಣ್ಣು, ಇವೆರಡರ ನಡುವೆ ಎಲ್ಲೋ ಒಂದು ಕಡೆ ಅಂತ ಹೇಳಿದರೂ ತಮ್ಮ ಜೆಂಡರ್ ಸರಿಯಾಗಿ ಹೇಳಿದಂತಾಗದವರು ಅದನ್ನು ಪ್ರಾಣಿ, ಗಿಡ, ಬೆಳಕು, ಕಥೆ ಇಂಥವುಗಳ ಮೂಲಕ ಹೇಳಿಕೊಳ್ಳುತ್ತಾರೆ. ಅಂಥ ಎಲ್ಲ ಜೆಂಡರ್‌ಗಳಿಗೂ ಸೇರಿ ಇರುವ ಹೆಸರು ಇದು. ಕೆಲವರಿಗೆ ಆ ಕಥೆ ಮ್ಯಾಜಿಕಲ್ ಗರ್ಲ್ ಅನಿಮೆ, ಅಂದರೆ ಮಾಯಾಶಕ್ತಿ ಇರುವ ಹುಡುಗಿಯರ ಬಗ್ಗೆ ಜಪಾನಿನ ಕಾರ್ಟೂನ್ ಸರಣಿಗಳು. ಹಾಗಂತ "ನಾನು ಅನಿಮೆ ಪಾತ್ರ" ಅಂತ ಯಾರೂ ಹೇಳುತ್ತಿಲ್ಲ. ನನ್ನ ಜೆಂಡರ್ ಒಳಗಿಂದ ಹೀಗೆ ಅನ್ನಿಸುತ್ತದೆ ಅಂತ ಹೇಳುತ್ತಿದ್ದಾರೆ, ಅಷ್ಟೇ.

ಮೊದಲು ಒಂದನ್ನು ಬೇರೆ ಮಾಡಿಕೊಳ್ಳಿ. ಆ ಅನಿಮೆ ಇಷ್ಟ ಅನ್ನುವುದು ಬೇರೆ, ಅದರಲ್ಲಿ ನಿಮ್ಮ ಜೆಂಡರ್ ಕಾಣುವುದು ಬೇರೆ. ಬಟ್ಟೆ, ಬಣ್ಣ, ಹಾಡು ಎಲ್ಲ ತೆಗೆದುಬಿಟ್ಟರೂ ಏನೋ ಉಳಿಯುತ್ತದಾ, ಯಾರೂ ನೋಡದೇ ಇದ್ದಾಗಲೂ ಅದು ನೀವೇ ಅನ್ನಿಸುತ್ತದಾ ಅಂತ ಕೇಳಿಕೊಳ್ಳಿ. ಉತ್ತರ ಇವತ್ತೇ ಸಿಗಬೇಕಾಗಿಲ್ಲ.

ಆಮೇಲೆ, ಈ ಪ್ರಕಾರದ ಕಥೆಗಳಲ್ಲಿ ಯಾವುದು ನಿಮ್ಮದು ಅಂತ ಹುಡುಕಬೇಕು. ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೇ. ಸುಮ್ನೆ "ಮ್ಯಾಜಿಕಲ್ ಗರ್ಲ್ ಥರ" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ, ಯಾಕೆಂದರೆ ಜಪಾನಿನಲ್ಲಿ ಮಾಹೋ ಶೋಜೋ ಅಂತ ಕರೆಯುವ ಈ ಪ್ರಕಾರದೊಳಗೇ ಬೇರೆ ಬೇರೆ ಥರದ ಹುಡುಗಿಯರಿದ್ದಾರೆ. 1966ರಲ್ಲಿ ಟೀವಿಗೆ ಬಂದ 'ಮಾಹೋತ್ಸುಕಾಯ್ ಸ್ಯಾಲಿ'ಯ ಹುಡುಗಿ ಮಾಯಾಲೋಕದ ರಾಜಕುಮಾರಿ, ಹುಟ್ಟಿನಿಂದಲೇ ಹಾಗೆ, ಮನುಷ್ಯರ ನಡುವೆ ಅದನ್ನು ಮುಚ್ಚಿಟ್ಟುಕೊಂಡು ಬದುಕುತ್ತಾಳೆ. 1969ರ 'ಹಿಮಿತ್ಸು ನೊ ಅಕ್ಕೊ-ಚಾನ್'ನಲ್ಲಿ ಮಾಮೂಲಿ ಹುಡುಗಿಗೆ ಒಂದು ಮಾಯಾ ಕನ್ನಡಿ ಸಿಗುತ್ತದೆ, ಅದರಿಂದ ಅವಳು ಯಾರು ಬೇಕಾದರೂ ಆಗಬಹುದು. 1992ರಲ್ಲಿ ಅನಿಮೆಯಾಗಿ ಬಂದ 'ಸೈಲರ್ ಮೂನ್'ನಲ್ಲಿ ಇನ್ನೊಂದು ಥರ: ನಾಯಕಿಯ ರೂಪ ಬದಲಾದಾಗ ಹೊರಗೆ ಬರುವುದು ಹಿಂದಿನ ಜನ್ಮದಿಂದಲೇ ಒಳಗಿದ್ದ ಅವಳು, ಜೊತೆಗೆ ಅವಳಂಥವರ ಒಂದು ಗುಂಪೇ ಇರುತ್ತದೆ.

ಈ ಮೂರನ್ನೂ ನಿಮ್ಮ ಮೇಲೆ ಇಟ್ಟು ನೋಡಿ. ಮೊದಲಿನಿಂದ ಇದ್ದದ್ದನ್ನೇ ಅಡಗಿಸಿಟ್ಟಿದ್ದೇನೆ ಅನ್ನಿಸುವುದಕ್ಕೂ, ದಿನಕ್ಕೊಂದು ಆಗುತ್ತೇನೆ ಅನ್ನಿಸುವುದಕ್ಕೂ, ಜಪಾನಿಯಲ್ಲಿ ಹೆನ್ಶಿನ್ ಅನ್ನುವ ಆ ರೂಪ ಬದಲಾಗುವ ಕ್ಷಣದಲ್ಲಿ ಮಾತ್ರ ನಾನು ಪೂರ್ತಿ ನಾನಾಗುತ್ತೇನೆ ಅನ್ನಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ? ನಿಮ್ಮದು ಯಾವುದೋ ಅದರ ಬಗ್ಗೆ ಎರಡು ಮೂರು ವಾಕ್ಯ ಬರೆಯಿರಿ. ಸರಣಿಯ ಹೆಸರು, ಪಾತ್ರದ ಹೆಸರು ಹಾಕಬೇಡಿ. ಆ ಅನಿಮೆ ನೋಡದವರಿಗೂ ಓದಿದರೆ ಅರ್ಥವಾಗಬೇಕು.

ಹೆಸರಿಡುವ ಮುಂಚೆ ಇಂಥ ಪದಗಳನ್ನು ಪಟ್ಟಿ ಮಾಡಿರುವ ಝೀನೋಜೆಂಡರ್ ವಿಕಿ ತಾಣಗಳಲ್ಲಿ ಹುಡುಕಿ. ಬೇರೆಯವರು ಕಟ್ಟಿದ ಪದವೇ ಹೊಂದಿದರೆ ಅದನ್ನೇ ಇಟ್ಟುಕೊಳ್ಳಿ, ಅದರಲ್ಲಿ ಕಡಿಮೆ ಅನ್ನುವಂಥದ್ದು ಏನೂ ಇಲ್ಲ. ಇಲ್ಲದಿದ್ದರೆ ಮುಖ್ಯವಾದ ಮಾತಿಗೆ 'ಜೆಂಡರ್' ಸೇರಿಸಿದರೆ ಸಾಕು, 'ಹೆನ್ಶಿನ್‌ಜೆಂಡರ್' ಅಂದ ಹಾಗೆ. ಬಾಯಲ್ಲಿ ಹೇಳಿ ನೋಡಿ. ಹೇಳುವುದಕ್ಕೇ ಕಷ್ಟವಾದರೆ ನೀವೇ ಬಳಸುವುದು ಬಿಟ್ಟುಬಿಡುತ್ತೀರಿ.

ಇಂಥ ಪದಕ್ಕೆ ಬಣ್ಣದ ಪಟ್ಟಿಗಳ ಬಾವುಟ ಮಾಡಿಕೊಳ್ಳುವವರಿದ್ದಾರೆ. ಬೇಕೇಬೇಕು ಅಂತಿಲ್ಲ, ಆದರೆ ಮಾಡುವುದು ಖುಷಿ ಕೊಡುತ್ತದೆ. ಐಬಿಸ್ ಪೇಂಟ್ ಅಥವಾ ಕ್ಯಾನ್ವಾದಂಥ ಚಿತ್ರ ಮಾಡುವ ಆ್ಯಪಿನಲ್ಲಿ ಐದಕ್ಕೆ ಮೂರರ ಅಳತೆ ಇಟ್ಟು ಐದೋ ಏಳೋ ಪಟ್ಟಿ ಎಳೆಯಿರಿ. ಎಲ್ಲವನ್ನೂ ತಿಳಿ ಗುಲಾಬಿ, ತಿಳಿ ನೇರಳೆ ಮಾಡಿದರೆ ಚಿಕ್ಕ ಚಿತ್ರದಲ್ಲಿ ಒಂದಕ್ಕೊಂದು ಬೆರೆತು ಹೋಗುತ್ತವೆ, ಹಾಗಾಗಿ ನಡುವೆ ಒಂದಾದರೂ ಗಾಢ ಬಣ್ಣ ಇರಲಿ. ಯಾವ ಬಣ್ಣ ಯಾಕೆ ಅಂತ ಕೆಳಗೆ ಬರೆಯಿರಿ. ಚಿಹ್ನೆ ಬೇಕಾದರೆ ನಕ್ಷತ್ರ, ಕನ್ನಡಿ, ರಿಬ್ಬನ್ ನೀವೇ ಬಿಡಿಸಿ, ಸರಣಿಯ ಲೋಗೋ ಎತ್ತಿಕೊಳ್ಳಬೇಡಿ.

ಸರ್ವನಾಮ ಬೇರೆ ವಿಷಯ, ಈ ಪದದ ಜೊತೆ ತಾನಾಗಿ ಬರುವುದಿಲ್ಲ. ಕನ್ನಡದಲ್ಲಿ 'ನಾನು ಬಂದೆ', 'ನೀನು ಬಂದೆ' ಅನ್ನುವಾಗ ತೊಂದರೆ ಇಲ್ಲ. ನಿಮ್ಮ ಬಗ್ಗೆ ಮೂರನೆಯವರ ಹತ್ತಿರ ಹೇಳುವಾಗಲೇ 'ಬಂದನು', 'ಬಂದಳು' ಬರುವುದು. 'ಅವರು ಬಂದರು' ಸರಿ ಅನ್ನಿಸಿದರೆ ಸ್ನೇಹಿತರಿಗೆ ಮೊದಲೇ ಒಂದು ಉದಾಹರಣೆ ವಾಕ್ಯದ ಜೊತೆ ಹೇಳಿಬಿಡಿ. "ವಯಸ್ಸಿನಲ್ಲಿ ಚಿಕ್ಕವರಿಗೆ ಯಾಕೆ ಬಹುವಚನ" ಅಂತ ಕೇಳುವವರಿರುತ್ತಾರೆ, "ನನಗೆ ಹಾಗೆ ಕರೆದರೆ ಹಿತ" ಅಂದರೆ ಸಾಕು.

ಆಧಾರ್ ಅರ್ಜಿಯಲ್ಲಿ ಇಂಥ ಪದಕ್ಕೆ ಜಾಗ ಇಲ್ಲ, ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಅಂತ ಮೂರೇ ಆಯ್ಕೆ. ಅಲ್ಲಿ ಏನು ತುಂಬಿದರೂ ನಿಮ್ಮ ಪದ ಸುಳ್ಳಾಗುವುದಿಲ್ಲ. ಮನೆಯಲ್ಲಿ ಗೊತ್ತಾದರೆ ಕಷ್ಟ ಅನ್ನುವಂತಿದ್ದರೆ ಆನ್‌ಲೈನಿನಲ್ಲಿ ಬೇರೆ ಹೆಸರು ಇಟ್ಟುಕೊಳ್ಳಿ, ಕಾಲೇಜು, ಊರು ಹಾಕಬೇಡಿ. ಪದವನ್ನು ಹಂಚಿಕೊಳ್ಳುವುದಾದರೆ ಬೇರೆಯವರೂ ಬಳಸಬಹುದಾ ಅಂತ ಕೊನೆಗೊಂದು ಸಾಲು ಸೇರಿಸಿ. ಇಲ್ಲದಿದ್ದರೆ ಆ ಪದ ಬೇಕಾಗಿರುವವರು ಕೇಳಲು ಹಿಂಜರಿದು ಹಾಗೇ ಹೋಗಿಬಿಡುತ್ತಾರೆ.